ತಂತಿ ಇರಲಿ ಬಿಡಿ

ಹಂಪಿಯ ಮಾತಂಗ ಬೆಟ್ಟ ಹತ್ತಿದವರೆಲ್ಲ ಸೂರ್ಯೋದಯದ ಫೋಟೊ ತೆಗೆಯುತ್ತಾರೆ. ಇಳಿದ ಮೇಲೆ ಆ ಫೋಟೊದಲ್ಲಿರುವ ಜನರನ್ನು ತೆಗೆಯಲು ಕೂರುತ್ತಾರೆ. ಕೆಂಪು ಟೋಪಿಯವನು ಹೋದ, ಸೆಲ್ಫಿ ಕೋಲಿನ ದಂಪತಿ ಹೋದರು, ಕರೆಂಟಿನ ತಂತಿಯೂ ಹೋಯಿತು. ಈಗ ಬೆಟ್ಟದ ಮೇಲೆ ಅವರೂ ಸೂರ್ಯನೂ ಇಬ್ಬರೇ.

ಇದು ಮೊದಲು ಸ್ಟುಡಿಯೊದವರ ತಾಳ್ಮೆಯ ಕೆಲಸ. 2010ರಲ್ಲಿ ಫೋಟೊಶಾಪ್ ಸುತ್ತಲಿನದನ್ನು ನೋಡಿಕೊಂಡು ಖಾಲಿ ಜಾಗವನ್ನು ತಾನೇ ತುಂಬುವುದನ್ನು ಕಲಿಯಿತು. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಮೊಬೈಲಿನಲ್ಲಿ 'ಮ್ಯಾಜಿಕ್ ಇರೇಸರ್' ಕೊಟ್ಟಮೇಲೆ ಬೆರಳಾಡಿಸುವುದಷ್ಟೇ ಉಳಿಯಿತು. ಆಕಾಶವಾದರೆ ಒಗ್ಗಿಕೊಳ್ಳುತ್ತದೆ, ಹಂಪಿಯ ಬಂಡೆ ಅಷ್ಟು ಸಲೀಸಾಗಿ ಮಣಿಯುವುದಿಲ್ಲ. ಪಕ್ಕದ್ದನ್ನು ನಕಲು ಮಾಡಿ ಅಂಟಿಸಿದರೆ ಅವಳಿ ಬಂಡೆಗಳು ಹುಟ್ಟುತ್ತವೆ, ಎರಡರ ನೆತ್ತಿಯ ಮೇಲೂ ಒಂದೇ ಆಕಾರದ ಹಕ್ಕಿಯ ಹಿಕ್ಕೆ! ಪ್ರವಾಸಿ ಮಾಯವಾದರೂ ಅವನ ನೆರಳು ಅಲ್ಲೇ ಬಿದ್ದಿರುತ್ತದೆ. ತುಂಗಭದ್ರೆಯ ಹರಿಗೋಲನ್ನು ಅಳಿಸಿದವರು ನೀರಿನಲ್ಲಿರುವ ಅದರ ಬಿಂಬವನ್ನು ಮರೆತಿರುತ್ತಾರೆ. ಇಂಥದ್ದನ್ನು ಹುಡುಕಿ ತೆಗೆಯುವುದು ನನಗೊಂದು ಚಟ. ಚಿತ್ರ ಕಳುಹಿಸಿದವರಿಗೆ ಅದು ಹಿಡಿಸುವುದಿಲ್ಲ.

ಜನರನ್ನು ಒರೆಸುವ ಈ ಗುಣ ಕ್ಯಾಮೆರಾಕ್ಕೆ ಹುಟ್ಟಿನಿಂದಲೇ ಬಂದದ್ದು. 1838ರಲ್ಲಿ, ಫೋಟೊ ತೆಗೆಯುವ ವಿದ್ಯೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸಿನ ಬೀದಿಯೊಂದನ್ನು ಸೆರೆಹಿಡಿದಾಗ ಬಿಂಬ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಓಡಾಡುತ್ತಿದ್ದ ಜನ, ಗಾಡಿ ಒಂದೂ ಅಚ್ಚಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತವನೊಬ್ಬ ಮಾತ್ರ ಚಿತ್ರದಲ್ಲಿ ಉಳಿದ. ಪಾಪ, ಅದರಲ್ಲಿ ಮೋಸವಿರಲಿಲ್ಲ. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದ ಅಳತೆಗೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿಬಿಟ್ಟಿತು. ಸಾವಿರಾರು ವರ್ಷ ಮಿಸುಕದೆ ಕುಳಿತ ಪಿರಮಿಡ್ಡಿನ ಗತಿಯೇ ಹೀಗಾದರೆ ಕೆಂಪು ಟೋಪಿಯವನು ಯಾವ ಲೆಕ್ಕ!

ಹಾಗೆಂದು ತಂತಿಯನ್ನೂ ಜನರನ್ನೂ ಅಳಿಸಿಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಕಾರಣವೂ ಹಂಪಿಯಲ್ಲೇ ಇದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಮುಂದೆ ಅದನ್ನು ತೆಗೆದುಹಾಕಿದರು. ನಮ್ಮ ಐವತ್ತು ರೂಪಾಯಿ ನೋಟಿನಲ್ಲಿ ಅಚ್ಚಾಗಿರುವುದು ಗೋಪುರವಿಲ್ಲದ ರಥ. ಈಗಿನ ಮೊಬೈಲು ಗ್ರೀನ್‌ಲಾನ ಕೈಯಲ್ಲಿದ್ದಿದ್ದರೆ, ಅಷ್ಟು ಚೆಂದದ ಕಲ್ಲಿನ ಮೇಲೆ ಈ ಇಟ್ಟಿಗೆಯ ರಾಶಿ ಏಕೆಂದು ಮೊದಲು ಅದನ್ನೇ ಒರೆಸುತ್ತಿದ್ದನೇನೋ. ಆಗ ಗೋಪುರವಿತ್ತೆಂದು ಹೇಳಿದವರ ಮಾತನ್ನು ನಂಬುವುದು ನಮಗೆ ಕಷ್ಟವಾಗುತ್ತಿತ್ತು.

ಕುರುಕಲು ತಿಂಡಿಯ ಖಾಲಿ ಪೊಟ್ಟಣಕ್ಕೆ ಮಾತ್ರ ನನ್ನ ರಿಯಾಯಿತಿ ಇಲ್ಲ. ಅದನ್ನು ಧಾರಾಳವಾಗಿ ಅಳಿಸಬಹುದು. ಕ್ಲಿಕ್ಕಿಸುವ ಮೊದಲೇ ಬಗ್ಗಿ ಹೆಕ್ಕಿಕೊಂಡರೆ ಕೆಲಸ ಇನ್ನೂ ಬೇಗ ಮುಗಿಯುತ್ತದೆ, ನೆರಳೂ ಉಳಿಯುವುದಿಲ್ಲ.