ಕೊಂಬಿಲ್ಲದ ವೈಕಿಂಗನಿಗೆ ಗಿರಾಕಿ ಇಲ್ಲ

ಸಾವಿರ ವರ್ಷದ ಹಿಂದೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಿಂದ ಕಡಲು ದಾಟಿ ಲೂಟಿಗೆ ಹೋಗುತ್ತಿದ್ದ ವೈಕಿಂಗ್ ಯೋಧನನ್ನು ಇಂದು ತಯಾರಿಸಲು ಬೇಕಾಗುವ ಸಾಮಾನು: ಪ್ಲಾಸ್ಟಿಕ್ ಟೋಪಿ ಒಂದು, ಕೊಂಬು ಎರಡು, ಅಂಚಿನಿಂದ ಇಳಿಬಿಟ್ಟ ಹಳದಿ ನೈಲಾನ್ ಜಡೆ ಎರಡು, ಕಣ್ಣಿನ ಸುತ್ತ ಬಳಿಯಲು ಕಾಡಿಗೆ, ಮೈಗೆ ಮೆತ್ತಲು ಕೆಸರು ಸಾಕಷ್ಟು. ಟೋಪಿ, ಕೊಂಬು, ಜಡೆಗಳು ಕೋಪನ್‌ಹೇಗನ್, ಓಸ್ಲೋಗಳ ಸ್ಮರಣಿಕೆ ಅಂಗಡಿಗಳಲ್ಲಿ ಒಟ್ಟಿಗೇ ಸಿಗುತ್ತವೆ. ಕಾಡಿಗೆ, ಕೆಸರನ್ನು ಟಿವಿ ಧಾರಾವಾಹಿಯವರು ಒದಗಿಸುತ್ತಾರೆ. ಕೊಂಬಿಗೂ ಕೆಸರಿಗೂ ಪುರಾವೆ ಮಾತ್ರ ಸ್ಟಾಕ್ ಇಲ್ಲ.

ಕೊಂಬಿನ ಶಿರಸ್ತ್ರಾಣ ಸಿಕ್ಕೇ ಇಲ್ಲವೆಂದಲ್ಲ. 1942ರಲ್ಲಿ ಡೆನ್ಮಾರ್ಕಿನ ವೆಕ್ಸೊ ಎಂಬಲ್ಲಿ ಜೌಗು ಅಗೆಯುವಾಗ ಕಂಚಿನವು ಒಂದು ಜೊತೆ ಸಿಕ್ಕವು. ಉದ್ದನೆಯ ಬಾಗಿದ ಕೊಂಬು, ನೋಡಿದರೆ ಭಯವಾಗಬೇಕು. ಆದರೆ ಅವುಗಳ ಕಾಲ ಕ್ರಿಸ್ತಪೂರ್ವ 900ರ ಆಸುಪಾಸು. ವೈಕಿಂಗ್ ಯುಗ ಶುರುವಾಯಿತೆಂದು ಪುಸ್ತಕಗಳು ಹೇಳುವುದು ಕ್ರಿ.ಶ. 793ರಲ್ಲಿ, ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಲೂಟಿಯೊಂದಿಗೆ. ಲೆಕ್ಕ ಹಾಕಿ: ಆ ಕೊಂಬುಗಳಿಗಿಂತ ನಮ್ಮ ಮೊಬೈಲ್ ಫೋನೇ ವೈಕಿಂಗರಿಗೆ ಹತ್ತಿರ.

ಮರುವರ್ಷವೇ ನಾರ್ವೆಯ ಯೆರ್ಮುಂಡ್‌ಬು ಜಮೀನಿನಲ್ಲಿ ವೈಕಿಂಗ್ ಯುಗದ ನಿಜವಾದ ಶಿರಸ್ತ್ರಾಣ ತುಂಡುತುಂಡಾಗಿ ಸಿಕ್ಕಿತು. ಕಬ್ಬಿಣದ ನಾಲ್ಕು ತಗಡು, ಅವನ್ನು ಬಿಗಿದ ಪಟ್ಟಿಗಳು, ಕಣ್ಣು ಮೂಗಿಗೆ ಕನ್ನಡಕದಂಥ ರಕ್ಷೆ, ನೆತ್ತಿಯಲ್ಲೊಂದು ಪುಟ್ಟ ಮೊನೆ. ಕೊಂಬು ಇದ್ದ ಗುರುತೂ ಇಲ್ಲ. ಇರಲು ಕಾರಣವೂ ಇಲ್ಲ. ನುಣುಪಾದ ಗುಮ್ಮಟದ ಮೇಲೆ ಬಿದ್ದ ಕತ್ತಿ ಪಕ್ಕಕ್ಕೆ ಜಾರುತ್ತದೆ. ಅದಕ್ಕಾಗಿಯೇ ಆ ಆಕಾರ. ಅಲ್ಲೊಂದು ಕೊಂಬು ನೆಟ್ಟರೆ ಜಾರಬೇಕಾದ ಕತ್ತಿ ಅಲ್ಲೇ ಸಿಕ್ಕಿಕೊಂಡು ಏಟಿನ ಬಲವೆಲ್ಲ ಕುತ್ತಿಗೆಗೆ ಹೋಗುತ್ತದೆ. ನಾರ್ವೆಯಲ್ಲೇ ಸಿಕ್ಕ ವೈಕಿಂಗ್ ಯುಗದ ಓಸೆಬರ್ಗ್ ಹಡಗು ಸಮಾಧಿಯ ಚಿತ್ರನೇಯ್ಗೆಯಲ್ಲಿ ಕೊಂಬಿನ ಆಕೃತಿಯೊಂದು ಇದೆ, ನಿಜ. ಅದು ಮೆರವಣಿಗೆಯ ಚಿತ್ರ. ಹಬ್ಬದ ವೇಷ ಹಾಕಿಕೊಂಡು ಯಾರೂ ಯುದ್ಧಕ್ಕೆ ಹೋಗುವುದಿಲ್ಲ.

ಹಾಗಾದರೆ ಕೊಂಬು ಕೊಟ್ಟವರಾರು? 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಸಂಗೀತಕಾರ ವಾಗ್ನರನ ಒಪೆರಾಕ್ಕೆ ವೇಷಭೂಷಣ ಮಾಡಿಕೊಟ್ಟ ಕಾರ್ಲ್ ಎಮಿಲ್ ಡೋಪ್ಲರ್‌ಗೆ ಈ ಪುಣ್ಯದಲ್ಲಿ ದೊಡ್ಡ ಪಾಲು. ರವಿವರ್ಮ ಉಡಿಸಿದ ಸೀರೆಯನ್ನು ಸರಸ್ವತಿ ಇಂದಿಗೂ ಬಿಚ್ಚಿಡಲಾಗಿಲ್ಲವಲ್ಲ, ಹಾಗೆಯೇ ಇದೂ. ತಮಾಷೆಯೆಂದರೆ ಆ ಒಪೆರಾದಲ್ಲಿ ವೈಕಿಂಗರೇ ಇರಲಿಲ್ಲ. ಇದ್ದವರು ಪುರಾಣದ ದೇವರು, ವೀರರು, ಕುಬ್ಜರು.

ಇನ್ನು ಕೆಸರು. ಧಾರಾವಾಹಿಯ ವೈಕಿಂಗ್ ಹುಟ್ಟಿದಾಗಿನಿಂದ ಸ್ನಾನ ಕಂಡವನಲ್ಲ. ಅಗೆದಲ್ಲೆಲ್ಲ ಸಿಗುವುದು ಮಾತ್ರ ಬಾಚಣಿಗೆ. ಅದನ್ನು ಮಾಡುವ ಕ್ರಮ ನೋಡಿ. ಜಿಂಕೆಯ ಕೊಂಬನ್ನು (ಕಡೆಗೂ ಒಂದು ಅಸಲಿ ಕೊಂಬು!) ಚಿಕ್ಕ ಚಿಕ್ಕ ಹಲಗೆಗಳಾಗಿ ಸೀಳಬೇಕು. ಕೊಂಬಿನ ಎಳೆ ಹಲ್ಲಿನ ಉದ್ದಕ್ಕೇ ಓಡಬೇಕು. ಅಡ್ಡ ಬಂದರೆ ಮೊದಲ ಸಿಕ್ಕಿಗೇ ಹಲ್ಲು ಮುರಿಯುತ್ತದೆ. ಹಾಗೆ ಸೀಳಿದಾಗ ಅಗಲದ ತುಂಡು ಸಿಗುವುದಿಲ್ಲವಾದ್ದರಿಂದ ನಾಲ್ಕಾರನ್ನು ಸಾಲಾಗಿ ಜೋಡಿಸಿ, ಎರಡೂ ಬದಿಗೆ ಉದ್ದನೆಯ ಪಟ್ಟಿ ಇಟ್ಟು ರಿವೆಟ್ ಹೊಡೆಯಬೇಕು. ಹಲ್ಲು ಕೊಯ್ಯುವುದು ಕೊನೆಗೆ. ಗರಗಸ ಒಂದು ಕೂದಲೆಳೆ ಆಳಕ್ಕೆ ಹೋದರೂ ಪಟ್ಟಿಯ ಅಂಚಿನಲ್ಲಿ ಕಚ್ಚು ಬೀಳುತ್ತದೆ. ಮ್ಯೂಸಿಯಮ್ಮಿನ ಬಾಚಣಿಗೆಗಳಲ್ಲಿ ಆ ಕಚ್ಚುಗಳು ಸಾಲಾಗಿ ಕಾಣುತ್ತವೆ. ಡೇನರು (ಡೆನ್ಮಾರ್ಕಿನವರು) ದಿನಾ ತಲೆ ಬಾಚುತ್ತಾರೆ, ಶನಿವಾರ ತಪ್ಪದೆ ಮೀಯುತ್ತಾರೆ, ಅದರಿಂದ ನಮ್ಮ ಹೆಂಗಸರು ಅವರಿಗೆ ಮರುಳಾಗುತ್ತಾರೆ ಎಂದು ಇಂಗ್ಲೆಂಡಿನ ಮಧ್ಯಯುಗದ ಬರಹಗಾರನೊಬ್ಬ ಹೊಟ್ಟೆಕಿಚ್ಚಿನಿಂದ ದೂರಿದ್ದಾನೆ. ಶನಿವಾರದ ಎಣ್ಣೆಸ್ನಾನದವನ ಮೇಲೆ ಧಾರಾವಾಹಿ ತೆಗೆದರೆ ಯಾರು ನೋಡುತ್ತಾರೆ?

ಹಚ್ಚೆ ಅಂಗಡಿಯ ಕತೆ ಇನ್ನೂ ಚೆನ್ನ. ‘ವೈಕಿಂಗರ ದಿಕ್ಸೂಚಿ’ ಎಂದು ಎಂಟು ಕವಲಿನ ವೆಗ್ವೀಸಿರ್ ಚಿಹ್ನೆಯನ್ನು ತೋಳಿನ ಮೇಲೆ ಬರೆಸಿಕೊಳ್ಳುವವರಿಗೆ ಬರವಿಲ್ಲ. ಅದು ಬಂದಿರುವುದು ಐಸ್‌ಲ್ಯಾಂಡಿನಲ್ಲಿ 1860ರಲ್ಲಿ ಬರೆದ ಒಂದು ಮಾಟಮಂತ್ರದ ಕೈಬರಹದ ಪುಸ್ತಕದಿಂದ. ಅಷ್ಟು ಹೊತ್ತಿಗೆ ‘ಮಂಗಳೂರ ಸಮಾಚಾರ’ ಅಚ್ಚಾಗಿ 17 ವರ್ಷ ಕಳೆದಿತ್ತು. ವೈಕಿಂಗರು ಬರೆಯುತ್ತಿದ್ದ ಅಸಲಿ ರೂನ್ ಲಿಪಿಯೇ ಬೇಕೆಂದರೆ ಹಚ್ಚೆ ಯಾಕೆ, ಫೋನಿನ ಬ್ಲೂಟೂತ್ ಗುರುತು ನೋಡಿ: ಡೆನ್ಮಾರ್ಕಿನ ದೊರೆ ಹರಾಲ್ಡ್ ಬ್ಲೂಟೂತನ ಎರಡು ಮೊದಲಕ್ಷರಗಳನ್ನು ರೂನ್‌ನಲ್ಲಿ ಬೆಸೆದದ್ದು. ಈ ಇಡೀ ವ್ಯಾಪಾರದಲ್ಲಿ ರೂನ್ ಸರಿಯಾಗಿ ಬರೆದವರು ಇಯರ್‌ಫೋನ್ ಕಡೆಯವರು.

ಅಮೆರಿಕದ ಮಿನ್ನೆಸೋಟಕ್ಕೆ ಬನ್ನಿ. 1898ರಲ್ಲಿ ಓಲೋಫ್ ಓಮನ್ ಎಂಬ ಸ್ವೀಡಿಷ್ ವಲಸೆ ರೈತ ತನ್ನ ಹೊಲದಲ್ಲಿ ಮರದ ಬೇರು ಕೀಳುವಾಗ ರೂನ್ ಕೆತ್ತಿದ ಸುಮಾರು 90 ಕಿಲೋದ ಕಲ್ಲು ಸಿಕ್ಕಿತೆಂದ. ಅದರ ಮೇಲೆ ಇಸವಿಯೂ ಇದೆ: 1362. ಭಾಷೆಯೂ ಅಕ್ಷರವೂ 19ನೇ ಶತಮಾನದವು ಎಂದು ವಿದ್ವಾಂಸರು ಹೇಳುತ್ತಲೇ ಬಂದಿದ್ದಾರೆ. ಅಸಲಿ ಎಂದೇ ಒಪ್ಪಿದರೂ ವೈಕಿಂಗ್ ಯುಗ ಮುಗಿದು ಮುನ್ನೂರು ವರ್ಷವಾಗಿತ್ತು. ಏನಾಯಿತು? ಕಲ್ಲಿಗೆ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಮ್ಯೂಸಿಯಂ, ಅದರ ಹತ್ತಿರ 28 ಅಡಿಯ ವೈಕಿಂಗ್ ಪ್ರತಿಮೆ, ಅವನ ಗುರಾಣಿಯ ಮೇಲೆ ‘ಅಮೆರಿಕದ ಜನ್ಮಸ್ಥಳ’ ಎಂಬ ಘೋಷಣೆ. ರಾಜ್ಯದ ಫುಟ್‌ಬಾಲ್ ತಂಡದ ಹೆಸರೂ ವೈಕಿಂಗ್ಸ್. ಹೆಲ್ಮೆಟ್ಟಿನ ಎರಡೂ ಬದಿಗೆ ಕೊಂಬಿನ ಚಿತ್ರ. ಪಾಪ, ಆಟಗಾರರ ಕುತ್ತಿಗೆಯ ಕಾಳಜಿಯಿಂದ ಬರೀ ಬಣ್ಣದಲ್ಲಿ.

ಅತ್ತ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್‌ನಲ್ಲಿ 1960ರಲ್ಲಿ ಹೆಲ್ಗೆ ಮತ್ತು ಆನೆ ಸ್ಟೀನೆ ಇಂಗ್‌ಸ್ಟಾಡ್ ದಂಪತಿ ಗುರುತಿಸಿದ ಅಸಲಿ ವೈಕಿಂಗ್ ನೆಲೆಯಲ್ಲಿ ಸಿಕ್ಕಿದ್ದು ಹುಲ್ಲುಹೆಂಟೆ ಗೋಡೆಗಳ ಎಂಟು ಕಟ್ಟಡಗಳ ಅಡಿಪಾಯ, ಕಬ್ಬಿಣದ ಕಿಟ್ಟ, ನೂಲುವ ಕದಿರಿನ ಬಿಲ್ಲೆ, ಹೊದಿಕೆಗೆ ಚುಚ್ಚುವ ಕಂಚಿನ ಪಿನ್ನು. ಕ್ರಿ.ಶ. 993ರಲ್ಲಿ ಬಾಹ್ಯಾಕಾಶದಿಂದ ಅಪ್ಪಳಿಸಿದ ವಿಕಿರಣದಿಂದ ಆ ವರ್ಷದ ಮರದುಂಗುರದಲ್ಲಿ ಕಾರ್ಬನ್-14 ದಿಢೀರನೆ ಏರಿದೆ. ಆ ಉಂಗುರವನ್ನು ಹಿಡಿದು ಅಲ್ಲಿಂದ ತೊಗಟೆಯವರೆಗೆ ಎಣಿಸಿದರೆ, ಲೋಹದ ಉಪಕರಣದಿಂದ ಅಲ್ಲಿ ಮರ ಕಡಿದದ್ದು 1021ರಲ್ಲಿ. ಬೇರೆ ಬೇರೆ ಮೂರು ಮರಗಳೂ ಅದೇ ಇಸವಿ ಹೇಳಿವೆ. ಇಷ್ಟು ನಿಖರ ಸಾಕ್ಷಿ ಇರುವ ನೆಲೆಯ ಪಿನ್ನನ್ನು ಯಾವ ತಂಡದ ಹೆಲ್ಮೆಟ್ಟಿನ ಮೇಲೂ ಬರೆಯಲಾಗದು. ಕಾಣುವುದೇ ಇಲ್ಲ.

ಪಂಡಿತರೇನು ಕಡಿಮೆಯೇ? ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ತೆರೆದ ಸಮಾಧಿಯಲ್ಲಿ ಕತ್ತಿ, ಕೊಡಲಿ, ಬಾಣ, ಎರಡು ಗುರಾಣಿ, ಎರಡು ಕುದುರೆ. ಆಯುಧ ಇದೆ, ಅಂದಮೇಲೆ ಗಂಡಸು, ಫೈಲ್ ಕ್ಲೋಸ್. 2017ರಲ್ಲಿ ಡಿಎನ್ಎ ಹೆಣ್ಣು ಎಂದಿತು. ತಕ್ಷಣ ಅನುಮಾನಗಳು ಎದ್ದವು: ಮೂಳೆ ಅದಲು ಬದಲಾಗಿರಬಹುದೆ? ಆಯುಧ ಬೇರೆಯವರದ್ದಿರಬಹುದೆ? ಕೇಳಬೇಕಾದ ಪ್ರಶ್ನೆಗಳೇ. ಗಂಡಸಾಗಿದ್ದ 139 ವರ್ಷ ಮಾತ್ರ ಅವು ಯಾರಿಗೂ ಹೊಳೆಯಲಿಲ್ಲ.

ವೈಕಿಂಗನ ಅತಿ ಪ್ರಾಮಾಣಿಕ ಕೊಡುಗೆ ಇಂಗ್ಲೆಂಡಿನ ಯಾರ್ಕ್‌ನಲ್ಲಿದೆ. 1972ರಲ್ಲಿ ಬ್ಯಾಂಕ್ ಕಟ್ಟಡದ ಜಾಗ ಅಗೆಯುವಾಗ ಸಿಕ್ಕ 9ನೇ ಶತಮಾನದ ಮಲ, ಉದ್ದ ಸುಮಾರು 20 ಸೆಂಟಿಮೀಟರ್. ಆಸಾಮಿ ಮಾಂಸ, ರೊಟ್ಟಿ ತಿನ್ನುತ್ತಿದ್ದ, ಹೊಟ್ಟೆ ತುಂಬ ಜಂತುಹುಳುವಿನ ಮೊಟ್ಟೆಗಳಿದ್ದವು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. 2003ರಲ್ಲಿ ನೋಡಲು ಬಂದವರ ಕೈಯಲ್ಲಿ ಬಿದ್ದು ಮೂರು ತುಂಡಾಯಿತು. ಅಂಟು ಹಚ್ಚಿ ಜೋಡಿಸಿ ಮತ್ತೆ ಗಾಜಿನೊಳಗಿಟ್ಟರು. ನೋಡಲು ಟಿಕೆಟ್ ಕೊಳ್ಳಬೇಕು.