ಇವತ್ತು ನಿಜವಾಗಿ ಸರ್ವರ್ ಇಲ್ಲ

ಅಮ್ಮನ ಹೆಸರಿನಲ್ಲಿರುವ 12 ಸೆಂಟ್ಸ್ ಜಾಗದ ಒಂದು ಕಾಗದ ಬೇಕಿತ್ತು. ಕಾಗದ ಅಂದರೆ ಒಂದೇ ಒಂದು ಹಾಳೆ. ಅದಕ್ಕಾಗಿ ಜುಲೈ ಮಳೆಯಲ್ಲಿ ಮಂಗಳೂರಿನ ಒಂದು ಕಚೇರಿಗೆ ನಾಲ್ಕು ಸಲ ಹೋದೆ. ಯಾವ ಕಚೇರಿ ಎಂದು ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವಕ್ಕೆ ಬೇಸರವಾಗುತ್ತದೆ.

ಮೊದಲ ದಿನ ಹೋದಾಗ ಫ್ಯಾನ್ ತಿರುಗುತ್ತಿರಲಿಲ್ಲ. ಬೆಳಿಗ್ಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗಿತ್ತಂತೆ. ಯುಪಿಎಸ್ ಅರ್ಧ ಗಂಟೆ ಕೀಂ ಕೀಂ ಎಂದು ಕೂಗಿ ಜೀವ ಬಿಟ್ಟಿತ್ತು. ಕೌಂಟರಿನವರು ಒಂದು ಫೈಲ್ ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದರು. ಆ ಫೈಲ್ ಅಲ್ಲಾಡಿದ್ದು ಬಹುಶಃ ಅದೇ ಮೊದಲು. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ಸರ್ವರ್ ಇಲ್ಲ ಸರ್. ನಾಳೆ ಬನ್ನಿ."

ಎರಡನೇ ದಿನ ಕರೆಂಟ್ ಇತ್ತು. ಫ್ಯಾನೂ ತಿರುಗುತ್ತಿತ್ತು. ಕಂಪ್ಯೂಟರ್ ನೋಡುವ ಹುಡುಗನ ಕುರ್ಚಿ ಮಾತ್ರ ಖಾಲಿ. "ಸರ್ವರ್ ಇಲ್ಲ." ಹೊರಗೆ ಬಂದು ಕೊಡೆ ಬಿಡಿಸುವಾಗ ಅಟೆಂಡರ್ ಮೆಲ್ಲಗೆ ಹೇಳಿದರು, "ಅವನ ಮನೆಯಲ್ಲಿ ಇವತ್ತು ನೇಜಿ ನೆಡುದುಂಟು ಸರ್." ಒಳ್ಳೆಯ ಸಮಾಚಾರವೇ. ಈಗ ಗದ್ದೆಗೆ ಇಳಿಯುವ ಹುಡುಗರು ಎಲ್ಲಿ ಸಿಗುತ್ತಾರೆ? ಕೌಂಟರಿನಲ್ಲೇ ಅದನ್ನು ಹೇಳಿದ್ದರೆ ನಾನೂ ಹೋಗಿ ನಾಲ್ಕು ಸಾಲು ನೆಟ್ಟು ಬರುತ್ತಿದ್ದೆ.

ಮೂರನೇ ದಿನ ಹುಡುಗ ಇದ್ದ. ಪರದೆಯ ಮೇಲೆ ಅಮ್ಮನ ಹೆಸರು, ಅದೂ ತಪ್ಪಿಲ್ಲದೆ, ಹೊಳೆಯುತ್ತಿತ್ತು. "ಬಂತಲ್ಲ!" ಎಂದೆ. "ಬಂತು ಸರ್, ಆದರೆ ಸರ್ವರ್ ಇಲ್ಲ" ಎಂದ. ಬಗ್ಗಿ ನೋಡಿದೆ. ಪ್ರಿಂಟರಿನಲ್ಲಿ ಹಾಳೆ ಮುಗಿದಿತ್ತು.

ನಾಲ್ಕನೇ ದಿನ ಕರೆಂಟ್, ಹುಡುಗ, ಹಾಳೆ ಮೂರೂ ಇದ್ದವು. ಸಾಲಿನಲ್ಲಿ ಇಪ್ಪತ್ತು ಜನ. ಕೌಂಟರಿನವರು ಎದ್ದು ನಿಂತರು. ಮುಖದಲ್ಲಿ ಇಷ್ಟು ದಿನ ಕಾಣದ ಒಂದು ಪ್ರಾಮಾಣಿಕ ಸಂಕಟ. "ಇವತ್ತು ನಿಜವಾಗಿ ಸರ್ವರ್ ಇಲ್ಲ. ಕಟೀಲಮ್ಮನಾಣೆ."

ನನ್ನ ಮುಂದೆ ಬಜ್ಪೆ ಕಡೆಯ ಒಬ್ಬ ಅಜ್ಜ ನಿಂತಿದ್ದರು. ಒದ್ದೆ ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೇಳಿದರು, "ಹಾಗಾದ್ರೆ ನಿನ್ನೆವರೆಗೆ ಎಂತ ಇರ್ಲಿಲ್ಲ ಮಾರಾಯ್ರೆ?"

ಕಚೇರಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

ನಾನು ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ ಮಾಡುವವನು. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ದೂರದ ಸರ್ವರುಗಳ ಜತೆ, ಅಂದರೆ ಕೇಳಿದ ಮಾಹಿತಿ ಕೊಡುವ ಕಂಪ್ಯೂಟರುಗಳ ಜತೆ, ದಿನವಿಡೀ ಮಾತಾಡುವುದೇ ನನ್ನ ಕಸುಬು. ಹಾಗಾಗಿ ಅಜ್ಜನ ಪ್ರಶ್ನೆ ತಲೆಯಲ್ಲಿ ಕೂತೇಬಿಟ್ಟಿತು.

ಈ ಕಪ್ಪು ಪರದೆಯ ಪ್ರೋಗ್ರಾಂಗಳಿಗೆ ಒಂದು ಒಳ್ಳೆಯ ಅಭ್ಯಾಸ ಉಂಟು. ಕೆಲಸ ಮುಗಿಸಿ ಹೊರಡುವಾಗ ಒಂದು ನಂಬರ್ ಹೇಳಿ ಹೋಗುತ್ತವೆ. ಎಕ್ಸಿಟ್ ಕೋಡ್ ಅನ್ನುತ್ತಾರೆ. 0 ಬಂದರೆ ಪಾಸ್. ಬೇರೆ ಏನು ಬಂದರೂ ಫೇಲ್. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ದಕ್ಷಿಣ ಕನ್ನಡವೋ ಉಡುಪಿಯೋ ಎಂದು ಜಗಳವಾಡುವ ನಮಗೆ ಸೊನ್ನೆ ತೆಗೆದವನೇ ಬುದ್ಧಿವಂತ ಎಂದರೆ ನಗು ಬರುತ್ತದೆ. ಆದರೆ ಇದರಲ್ಲಿ ಒಂದು ಲೆಕ್ಕ ಇದೆ. ಕೆಲಸ ಆಯಿತು ಅನ್ನುವುದಕ್ಕೆ ಒಂದೇ ಮಾತು ಸಾಕು. ಆಗಲಿಲ್ಲ ಅಂದರೆ ತಾನೇ ಯಾಕೆ ಎಂದು ಕೇಳುವುದು? ಅದಕ್ಕೇ 1ರಿಂದ 255ರವರೆಗಿನ ಜಾಗವನ್ನೆಲ್ಲ ಆಗದ ಕೆಲಸಕ್ಕೆ ಬಿಟ್ಟಿದ್ದಾರೆ.

ಕರ್ಲ್ ಅಂತ ಒಂದು ಪ್ರೋಗ್ರಾಂ ಉಂಟು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದದ್ದು. ವಿಳಾಸ ಕೊಟ್ಟರೆ ಹೋಗಿ ಕೇಳಿದ್ದನ್ನು ತರುತ್ತದೆ. ಬರಿಗೈಯಲ್ಲಿ ಬಂದರೆ ಯಾಕೆ ಎಂದು ಹೇಳುತ್ತದೆ. 6 ಅಂದರೆ ಆ ಹೆಸರಿಗೆ ವಿಳಾಸವೇ ಸಿಗಲಿಲ್ಲ. ಕದ್ರಿಯಲ್ಲಿ ಇಳಿದು ಕೇಳಿದರೆ ಯಾವ ರಿಕ್ಷಾದವರಿಗೂ ಆ ಮನೆ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. 7 ಅಂದರೆ ವಿಳಾಸ ಸಿಕ್ಕಿತು, ಒಳಗೆ ಹೋಗಲು ಆಗಲಿಲ್ಲ. 28 ಅಂದರೆ ಇಷ್ಟು ಹೊತ್ತು ಕಾಯಿ ಎಂದಿದ್ದಿರಿ, ಕಾದೆ, ಹೊತ್ತು ಮೀರಿತು, ಬಂದೆ. 60 ಅಂದರೆ ಬಾಗಿಲಿಗೆ ಬಂದವರ ಗುರುತಿನ ಚೀಟಿ ನಂಬುವ ಹಾಗಿಲ್ಲ. ಎಷ್ಟೋ ಸಲ ಇದಕ್ಕೆ ಕಾರಣ ಆ ಚೀಟಿಯ, ಅಂದರೆ ಸರ್ಟಿಫಿಕೇಟಿನ, ಅವಧಿ ಮುಗಿದದ್ದು. ಅಂದರೆ ಎಲ್ಲೋ ಒಬ್ಬರು ರಿನ್ಯೂ ಮಾಡಲು ಮರೆತಿದ್ದಾರೆ. ಆ ಒಬ್ಬರಿಗೆ ಒಂದು ಹೆಸರಿದೆ, ಒಂದು ಕುರ್ಚಿ ಇದೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕರ್ಲಿನ ಹಾಗೆಯೇ ಡಬ್ಲ್ಯುಗೆಟ್ ಅಂತ ಇನ್ನೊಂದು. ಇದರ ಹಳೆಯ ಕಾಲದ ಜಾತಕ ನಮ್ಮ ಕಚೇರಿಗಳದ್ದೇ. 1.12ನೇ ಆವೃತ್ತಿ ಬರುವವರೆಗೆ ಅದು ಕೊಡುತ್ತಿದ್ದ ಎಕ್ಸಿಟ್ ಕೋಡಿಗೆ ತಲೆಬುಡ ಇರಲಿಲ್ಲ. ಇಡೀ ವೆಬ್ ತಾಣವನ್ನೇ ಇಳಿಸಿಕೊಂಡು ಬಾ ಎಂದರೆ ದಾರಿಯಲ್ಲಿ ಏನೇ ಕೆಟ್ಟರೂ ಹೆಚ್ಚುಕಡಿಮೆ ಪ್ರತಿ ಸಲ 0 ಅಂದುಬಿಡುತ್ತಿತ್ತು. ಎಲ್ಲ ಸರಿ, ಎಲ್ಲ ಸುಸೂತ್ರ! ಆದರೆ ಅವರು ಅದನ್ನು ತಿದ್ದಿದರು. ಹಿಂದೆ ಹೀಗಿತ್ತು, ಉಪಯೋಗಕ್ಕೆ ಬರುತ್ತಿರಲಿಲ್ಲ ಎಂದು ತಮ್ಮದೇ ಕೈಪಿಡಿಯಲ್ಲಿ ಬರೆದೂ ಇಟ್ಟರು. ಈಗ ಅದರಲ್ಲಿ 4 ಅಂದರೆ ನೆಟ್‌ವರ್ಕ್ ಕೈಕೊಟ್ಟಿತು. 6 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ. 8 ಅಂದರೆ ಸರ್ವರ್ ಇದೆ, ಮಾತಾಡಿದೆ, ಆದರೆ ಕೇಳಿದ್ದನ್ನು ಕೊಡದೆ ತಪ್ಪು ಹೇಳಿ ಕಳಿಸಿದೆ. ಸರ್ವರ್ ಸಿಗದಿರುವುದು ಬೇರೆ, ಸರ್ವರ್ ಸಿಕ್ಕಿಯೂ ಕೊಡದಿರುವುದು ಬೇರೆ. ಇದು ಗೊತ್ತಾಗಲು ಡಬ್ಲ್ಯುಗೆಟ್‌ಗೆ 2009ರವರೆಗೆ ಬೇಕಾಯಿತು. ನಮಗೆ ಇನ್ನೂ ಟೈಮ್ ಉಂಟು.

ಇಷ್ಟಕ್ಕೆಲ್ಲ ಸ್ವೀಡನ್ನಿಗೆ ಯಾಕೆ ಹೋಗಬೇಕು, ಅಲ್ವಾ? ಸರ್ವರ್ ಎಂಬ ಪದ ನಮ್ಮಲ್ಲಿ ಮೊದಲು ಬಂದದ್ದೇ ಹೋಟೆಲಿಗೆ. ಉಡುಪಿ ರಥಬೀದಿಯ ಆಸುಪಾಸಿನ ಯಾವುದಾದರೂ ಹಳೆ ಹೋಟೆಲಿನಲ್ಲಿ ಕೂತುನೋಡಿ. ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಸರ್ವರ್ ಬರುತ್ತಾರೆ. "ಗೋಳಿಬಜೆ ಖಾಲಿ. ಬನ್ಸ್ ಉಂಟು. ಮಸಾಲೆಗೆ ಹತ್ತು ನಿಮಿಷ ಆಗ್ತದೆ, ಕಾವಲಿ ಈಗಷ್ಟೇ ಇಟ್ಟದ್ದು." ಮೂರು ತಿಂಡಿಗೆ ಮೂರು ಬೇರೆ ಬೇರೆ ಸ್ಥಿತಿ, ಕೊನೆಯದಕ್ಕೆ ಕಾರಣ ಸಮೇತ ಟೈಮ್. ಅಲ್ಲೇ ಕೂತು ಬಂಗುಡೆ ಫ್ರೈ ಕೇಳಿದಿರಿ ಅನ್ನಿ. ಅವರು ಒಮ್ಮೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಕರ್ಲಿನಲ್ಲಿ ಇದಕ್ಕೆ 1ನೇ ನಂಬರ್. ಈ ವ್ಯವಹಾರ ಇಲ್ಲಿ ನಡೆಯುವುದೇ ಇಲ್ಲ ಎಂದು ಅರ್ಥ.

ಮೀನಿನವರೂ ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆಗ ನಮ್ಮ ಬೀದಿಗೆ ಬರುವ ಮೀನಿನ ಬಾಯಮ್ಮ ಬುಟ್ಟಿ ಇಳಿಸುವ ಮೊದಲೇ ಹೇಳುತ್ತಾರೆ, "ಬೋಟು ಬಂದ್ ಅಲ್ವಾ ಅಣ್ಣ, ಇದು ನಾಡದೋಣಿದು, ರೇಟ್ ಜಾಸ್ತಿ. ಆಗಸ್ಟಿಗೆ ಕಮ್ಮಿ ಆಗ್ತದೆ." ಏನು ಕೊರತೆ, ಯಾಕೆ, ಎಂದಿನವರೆಗೆ, ಅಲ್ಲಿತನಕ ಎಂತ ಮಾಡುವುದು. ನಾಲ್ಕೂ ಬಂತು. ಅವರ ಬುಟ್ಟಿಗೆ ಸಾಫ್ಟ್‌ವೇರ್ ಹಾಕಿಸಿಲ್ಲ, ಪುಣ್ಯ.

ಜ್ಯೋತಿಷಿಗಳನ್ನಾದರೂ ನೋಡಿ. ಮನೆಯಲ್ಲಿ ಒಂದರ ಮೇಲೊಂದು ಕಷ್ಟ ಬಂತೆಂದು ಪ್ರಶ್ನೆ ಇಡಿಸುತ್ತೀರಿ. ಅವರು ಕವಡೆ ಸರಿಸಿ ನಾಗದೋಷ, ಪಿತೃದೋಷ, ದೈವಕ್ಕೆ ಹೇಳಿಕೊಂಡ ಹರಕೆ ಬಾಕಿ ಎಂದು ಬಿಡಿಸಿ ಬಿಡಿಸಿ ಹೇಳುತ್ತಾರೆ. ಒಂದೊಂದಕ್ಕೂ ಬೇರೆ ಪರಿಹಾರ, ಬೇರೆ ಖರ್ಚು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದೇ ಕವಡೆ ಸರಿಸಿ "ಏನೋ ತಪ್ಪಾಗಿದೆ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಅಂದರೆ ದಕ್ಷಿಣೆ ಇಡುತ್ತೀರಾ? ಮೊಬೈಲಿನ ಆ್ಯಪ್ ಹಾಗೆ ಹೇಳಿದರೆ ಮಾತ್ರ ಬಾಯಿಮುಚ್ಚಿ ನಂತರ ಪ್ರಯತ್ನಿಸುತ್ತೇವೆ.

ಈಗ ಆ ಕುರ್ಚಿಯ ವಿಷಯ. ಇಷ್ಟೆಲ್ಲ ದೊಡ್ಡ ಮಾತಾಡಿದ ನಾನು ಸುಮ್ನೆ ಕೂತಿದ್ದ ಒಂದು ಮೀಟಿಂಗಿನ ಕಥೆ ಹೇಳಿಬಿಡುತ್ತೇನೆ.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಜನ ಉಪಯೋಗಿಸುವ ಆ್ಯಪ್ ಒಂದನ್ನು ಮಾಡುತ್ತಿದ್ದೆವು. ಎಡವಟ್ಟಾದಾಗ ಪರದೆಯಲ್ಲಿ ಏನು ತೋರಿಸಬೇಕು ಎಂದು ಚರ್ಚೆ. ಒಬ್ಬ ಹೊಸ ಹುಡುಗಿ, ಪಾಪ, ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು, ಕಾರಣವನ್ನೇ ತೋರಿಸೋಣ ಎಂದಳು. ನೆಟ್‌ವರ್ಕ್ ಇಲ್ಲದಿದ್ದರೆ ನೆಟ್‌ವರ್ಕ್ ಇಲ್ಲ, ಪಾಸ್‌ವರ್ಡ್ ತಪ್ಪಾದರೆ ಪಾಸ್‌ವರ್ಡ್ ತಪ್ಪು. ಕೋಣೆ ತಣ್ಣಗಾಯಿತು. ಬಳಕೆದಾರ ಹೆದರುತ್ತಾನೆ ಎಂದರು ಒಬ್ಬರು. ಡಿಸೈನ್ ಕೆಡುತ್ತದೆ ಎಂದರು ಇನ್ನೊಬ್ಬರು. ಕೊನೆಗೆ ಮ್ಯಾನೇಜರ್ ನಿಜ ಹೇಳಿದರು. "ಕಾರಣ ತೋರಿಸಿದ್ರೆ ಅದು ಯಾರ ಟೀಮಿಂದು ಅಂತ ಗೊತ್ತಾಗ್ತದೆ. ಮತ್ತೆ ಎಲ್ಲ ನಮ್ಮ ತಲೆ ಮೇಲೆ ಬರ್ತದೆ." ಒಂದು ಗಂಟೆಯ ಮೀಟಿಂಗಿನಲ್ಲಿ ಅರ್ಥವಿದ್ದ ಮಾತು ಅದೊಂದೇ.

ಕೊನೆಗೆ ಒಂದು ನಾಯಿಮರಿಯ ಚಿತ್ರ ಹಾಕಿದೆವು. ಮರಿ ತಲೆ ಓರೆ ಮಾಡಿ ನೋಡುತ್ತದೆ. ಕೆಳಗೆ "ಓಹ್! ಏನೋ ಎಡವಟ್ಟಾಯಿತು!" ನಾಯಿಮರಿಯ ಮುಖ ನೋಡಿದ ಮೇಲೆ ಯಾರು ಬೈಯುತ್ತಾರೆ?

ಪರದೆಯ ಹಿಂದೆ ಇದಕ್ಕಿಂತ ಘನ ಕಾರ್ಯ ನಡೆಯಿತು. ವೆಬ್ ಲೋಕದಲ್ಲಿ 200 ಅಂದರೆ ಸರಿಯಾಯಿತು, 404 ಅಂದರೆ ಸಿಗಲಿಲ್ಲ, 500 ಅಂದರೆ ಸರ್ವರಿನ ಒಳಗೇ ಏನೋ ಮುರಿಯಿತು. ನಮ್ಮ ಆ್ಯಪ್ ಎಲ್ಲದಕ್ಕೂ 200 ಕೊಡುತ್ತಿತ್ತು. ಲಕೋಟೆಯ ಮೇಲೆ "ಶುಭಮಸ್ತು", ಒಳಗೆ ಸಾವಿನ ಸುದ್ದಿ. ಯಾಕೆ ಹೀಗೆ ಅಂದರೆ, ಗೋಡೆಯ ಮೇಲೆ ಒಂದು ದೊಡ್ಡ ಟಿವಿ ಇತ್ತು. 500 ಬಂದರೆ ಅದು ಕೆಂಪಾಗುತ್ತಿತ್ತು. ದೊಡ್ಡವರು ಬಂದಾಗ ಟಿವಿ ಹಸಿರಾಗಿರಬೇಕಿತ್ತು. ಆ ಸಾಲುಗಳನ್ನು ಬರೆದ ಕೈ ಇದೇ. ರಾತ್ರಿ ಓಡುವ ಸ್ಕ್ರಿಪ್ಟುಗಳಲ್ಲಿ, ಅಂದರೆ ಸಾಲಾಗಿ ಬರೆದಿಟ್ಟ ಕಮಾಂಡುಗಳಲ್ಲಿ, ಕರ್ಲ್ 6 ಅನ್ನಲಿ, 28 ಅನ್ನಲಿ, ಪಕ್ಕದಲ್ಲಿ ಎರಡು ನೆಟ್ಟಗಿನ ಗೆರೆ ಎಳೆದು "ಟ್ರೂ" ಎಂದು ಬರೆದರೆ ಆಯಿತು, ಎಲ್ಲವೂ 0. ಬಾಯಿಗೆ ಬಟ್ಟೆ ತುರುಕುವುದಕ್ಕೆ ಕಂಪ್ಯೂಟರಿನಲ್ಲಿ ಇಷ್ಟೇ ಅಕ್ಷರ ಸಾಕು.

ಇನ್ನೊಬ್ಬ ಗೆಳೆಯನ ಸಾಹಸ ಇದಕ್ಕೂ ಮೇಲು. ಎಷ್ಟು ಕಡೆ ತಪ್ಪಾಯಿತು ಎಂದು ಎಣಿಸಿ, ಆ ಸಂಖ್ಯೆಯನ್ನೇ ಎಕ್ಸಿಟ್ ಕೋಡ್ ಮಾಡಿದ. ಕೇಳಲು ಚೆಂದ. ಆದರೆ ಆ ಕೋಡಿಗೆ ಇರುವ ಜಾಗ 255ರವರೆಗೆ ಮಾತ್ರ. ಅದು ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಒಂದು ರಾತ್ರಿ ಸರಿಯಾಗಿ 256 ತಪ್ಪುಗಳಾದವು, ಸ್ಕ್ರಿಪ್ಟ್ ಪಾಸಾಯಿತು. ನಮ್ಮಲ್ಲಿ ಪಾಪದ ಕೊಡ ತುಂಬಿದರೆ ಒಡೆಯುತ್ತದೆ, ಅಲ್ಲಿ ತುಂಬಿದರೆ ಖಾಲಿಯಾಗುತ್ತದೆ. ಯಕ್ಷಗಾನದ ಶಿಶುಪಾಲನಿಗೆ ಇದು ಗೊತ್ತಿರಲಿಲ್ಲ. ಕೃಷ್ಣ ನೂರು ತುಂಬಿದ ಕೂಡಲೇ ಚಕ್ರ ಬಿಟ್ಟ. ಇನ್ನೊಂದು ನೂರೈವತ್ತಾರು ಬೈಗುಳಕ್ಕೆ ಕಾದಿದ್ದರೆ ಪುಣ್ಯಾತ್ಮ ಬದುಕಿಕೊಳ್ಳುತ್ತಿದ್ದ.

ಇಂಟರ್ನೆಟ್ಟಿನವರು ತಮಾಷೆ ಮಾಡುವಾಗಲೂ ಲೆಕ್ಕ ಬಿಡುವುದಿಲ್ಲ. 1998ರ ಏಪ್ರಿಲ್ 1ರಂದು ಕಾಫಿ ಯಂತ್ರಗಳಿಗೆಂದು ಒಂದು ಹುಡುಗಾಟದ ನಿಯಮ ಬರೆದರು. ಟೀ ಪಾತ್ರೆಗೆ ಕಾಫಿ ಮಾಡು ಎಂದರೆ ಅದು 418 ಅನ್ನಬೇಕು, "ನಾನು ಟೀ ಪಾತ್ರೆ" ಎಂದು ಅರ್ಥ. ಸುಳ್ಳು ಪಾತ್ರೆಗೂ ತಾನು ಯಾಕೆ ಕಾಫಿ ಮಾಡಲಾರೆ ಎಂದು ಹೇಳುವ ಮರ್ಯಾದೆ ಇದೆ.

ಈ ಪಾಪಪ್ರಜ್ಞೆಯಲ್ಲೇ ಇರಬೇಕು, ಐದನೇ ಸಲ ಕಚೇರಿಗೆ ಹೋಗುವಾಗ ಒಂದು ರಟ್ಟಿನ ಬೋರ್ಡ್ ಬರೆದುಕೊಂಡು ಹೋದೆ. ದೊಡ್ಡ ಅಕ್ಷರ, ಮೇಲೆ ಪ್ಲಾಸ್ಟಿಕ್ ಹೊದಿಕೆ. 1 ಕರೆಂಟ್ ಇಲ್ಲ. 2 ಹುಡುಗ ರಜೆ. 3 ಹಾಳೆ ಮುಗಿದಿದೆ. 4 ನೆಟ್ ಇಲ್ಲ. 5 ನಿಮ್ಮ ದಾಖಲೆ ಸರಿಯಿಲ್ಲ. 6 ಸಾಹೇಬರ ಸಹಿ ಆಗಿಲ್ಲ. 7 ಊಟದ ಹೊತ್ತು. 8 ನಿಜವಾಗಿ ಸರ್ವರ್ ಇಲ್ಲ. ಬೈದು ಓಡಿಸುತ್ತಾರೆ ಅಂದುಕೊಂಡಿದ್ದೆ. ಕೌಂಟರಿನವರು ಓದಿ ಖುಷಿಪಟ್ಟರು. "ಭಾರೀ ಲಾಯ್ಕ ಆಗಿದೆ ಸರ್" ಎಂದು ಅಟೆಂಡರನ್ನು ಕರೆದು ಅಲ್ಲೇ ಗೋಡೆಗೆ ಮೊಳೆ ಹೊಡೆಸಿದರು. ಆ ದಿನ 6 ಇತ್ತು. ಬೇಸರವಾಗಲಿಲ್ಲ. ವಿಷಯ ಗೊತ್ತಾಯಿತಲ್ಲ ಎಂದು ಸಮಾಧಾನದಲ್ಲಿ ಮನೆಗೆ ಬಂದೆ.

ಮೊನ್ನೆ ಮತ್ತೆ ಹೋದೆ. ಸಾಲು ಇತ್ತು. ಅದೇ ಬಜ್ಪೆಯ ಅಜ್ಜ ಕೌಂಟರ್ ಬಿಟ್ಟು ಹಿಂದೆ ಬರುತ್ತಿದ್ದರು.

"ಎಂತ ಆಯ್ತು ಅಜ್ಜ?"

"ಒಂಬತ್ತಂತೆ ಮಾರಾಯ್ರೆ."

ನನ್ನ ಬೋರ್ಡಿನಲ್ಲಿ ಒಂಬತ್ತು ಇರಲಿಲ್ಲ. ಕತ್ತು ಚಾಚಿ ನೋಡಿದೆ. 8ರ ಕೆಳಗೆ, ಬೇರೆ ಕೈಬರಹದಲ್ಲಿ, ನೀಲಿ ಸ್ಕೆಚ್ ಪೆನ್ನಿನಲ್ಲಿ ಒಂದು ಸಾಲು ಸೇರಿತ್ತು. "9 ಇತರೆ."

ನನ್ನ ಸರದಿ ಬಂತು. ಕೌಂಟರಿನವರು ಗುರುತು ಹಿಡಿದು ನಕ್ಕರು.

"ನಿಮಗೂ ಒಂಬತ್ತೇ ಸರ್. ನಾಳೆ ಬನ್ನಿ."