ಅಜ್ಜಿಯ ಹಣೆಬರಹ

ಸಾಗರದ ಮಾರಿಕಾಂಬಾ ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ನನಗೆ ವಿಡಿಯೋ ಎಡಿಟ್ ಮಾಡುವ ಉಮೇದು ಬರುವುದೂ ಹೆಚ್ಚುಕಡಿಮೆ ಹಾಗೆಯೇ. ಜಾತ್ರೆಗೆ ನೆಂಟರೆಲ್ಲ ಬರುತ್ತಾರೆ, ಎಲ್ಲರ ಫೋನಲ್ಲೂ ಚೂರು ಚೂರು ವಿಡಿಯೋ ತುಂಬುತ್ತದೆ. "ಇದನ್ನೆಲ್ಲ ಸೇರಿಸಿ ಒಂದು ಚಂದ ಮಾಡಿ ಕಳ್ಸು ಮಾರಾಯ" ಅಂತ ಭಾವ ಅಪ್ಪಣೆ ಕೊಟ್ಟು ಎಲೆಅಡಿಕೆ ಹಾಕಿಕೊಳ್ಳುತ್ತಾನೆ. ಈ ಸಲ ಲೆಕ್ಕ ಹಾಕಿದೆ. ಒಟ್ಟು ಎರಡು ಗಂಟೆ ಹನ್ನೆರಡು ನಿಮಿಷ. ಅದರಲ್ಲಿ ನಲವತ್ತು ನಿಮಿಷ ಭಾವನ ಅಂಗಿ ಜೇಬಿನ ಒಳಗಿನ ಕತ್ತಲೆ.

'ಉಚಿತ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡೆ. ಹೆಸರು ಬೇಡ ಬಿಡಿ. ಎರಡು ದಿನ ಕೂತು ಕತ್ತರಿಸಿದೆ, ಅಂಟಿಸಿದೆ. ಮಧ್ಯೆ ಮೂರು ಸಲ ಕರೆಂಟ್ ಹೋಯಿತು. ಕೊನೆಗೆ ಎಕ್ಸ್‌ಪೋರ್ಟ್ ಮಾಡಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದರೆ, ಕಂಪನಿಯ ಹೆಸರು ಪರದೆಯ ನಡುವೆ ಅಡ್ಡಡ್ಡ ಮಲಗಿದೆ. ಅಜ್ಜಿ ಕ್ಯಾಮೆರಾ ಕಡೆ ತಿರುಗಿ ನಗುವ ಹೊತ್ತಿಗೆ ಸರಿಯಾಗಿ ಅವಳ ಹಣೆಯ ಮೇಲೆ.

"ಎಂತದೋ ಇದು? ನನ್ನ ಹಣೆ ಮೇಲೆ ಯಾರು ಬರ್ದಿದ್ದು?"

ಹಣೆಬರಹ ಬರೆಯುವವನು ಬ್ರಹ್ಮ, ಅದನ್ನು ಅಳಿಸಲು ಯಾರಿಂದಲೂ ಆಗೋದಿಲ್ಲ ಅಂತ ನಮಗೆ ಹೇಳಿಕೊಟ್ಟವಳೇ ಅಜ್ಜಿ. ಈಗ ಹಾಗೇನಿಲ್ಲ. ಕಾರ್ಡ್ ನಂಬರ್ ಕೊಟ್ಟರೆ ಅಳಿಸುತ್ತಾರೆ. ತಿಂಗಳು ತಿಂಗಳು ಕಟ್ಟಬೇಕು, ಅಷ್ಟೇ. 'ಬರೀ ಒಂದು ಕಾಫಿಯ ಬೆಲೆ' ಅಂತ ಬೇರೆ ಬರೆದಿದ್ದರು. ಅದು ಯಾವ ಊರಿನ ಕಾಫಿಯೋ ಗೊತ್ತಿಲ್ಲ. ಆ ದುಡ್ಡಲ್ಲಿ ನಮ್ಮ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವರಿಗೆಲ್ಲ ಕಾಫಿ ಕೊಡಿಸಿ, ಮೇಲೆ ಗೋಳಿಬಜೆಯನ್ನೂ ಹೇಳಬಹುದು.

ಈ ಬಾಡಿಗೆ ಲೆಕ್ಕ ನನ್ನ ತಲೆಗೆ ಹೋಗುವುದೇ ಇಲ್ಲ. ಅಡಿಕೆ ಕೊಯ್ಯುವ ದೋಟಿಯನ್ನು ಯಾರಾದರೂ ಹೀಗೆ ಕೊಟ್ಟರೆ ಹೇಗಿರುತ್ತದೆ? ಕೊಯ್ಲು ಮುಗಿದು, ದೋಟಿ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಕೊಂಡು ಮಳೆಗಾಲವಿಡೀ ಮಲಗಿದ್ದರೂ ತಿಂಗಳಿಗಿಷ್ಟು. ಬೇಡಪ್ಪಾ ವಾಪಸ್ ತಗೊಳ್ಳಿ ಅಂದರೆ ದಂಡ ಬೇರೆ. ದಂಡದ ಮಾತು ನನ್ನ ಕಟ್ಟುಕತೆಯಲ್ಲ. 2024ರ ಜೂನ್‌ನಲ್ಲಿ ಗ್ರಾಹಕರ ಹಿತ ಕಾಯುವ ಸಂಸ್ಥೆ ಎಫ್‌ಟಿಸಿಯ ಮಾತಿನ ಮೇಲೆ ಅಮೆರಿಕ ಸರ್ಕಾರ ಅಡೋಬಿ ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲೆ ಕೇಸು ಹಾಕಿದ್ದು ಇದಕ್ಕೇ. ವರ್ಷದ ಪ್ಲಾನನ್ನು ಮಧ್ಯದಲ್ಲಿ ಬಿಟ್ಟರೆ ಉಳಿದ ಕಂತುಗಳಲ್ಲಿ ಅರ್ಧ ಕಟ್ಟಬೇಕು, ಅದನ್ನು ಗಿರಾಕಿಗೆ ಸರಿಯಾಗಿ ಹೇಳಿಲ್ಲ ಅಂತ ಆರೋಪ. ಮನೆ ಬಳಕೆಯವರಿಗೆಂದೇ ಅದೇ ಕಂಪನಿಯ ಪ್ರೀಮಿಯರ್ ಎಲಿಮೆಂಟ್ಸ್ ಅನ್ನುವ ವಿಡಿಯೋ ಸಾಫ್ಟ್‌ವೇರ್ ಇದೆ. ಮೊದಲು ಒಂದು ಸಲ ಕೊಂಡರೆ ನಮ್ಮದೇ ಆಗುತ್ತಿತ್ತು. 2025ರ ಆವೃತ್ತಿಯಿಂದ ಲೈಸೆನ್ಸು ಮೂರೇ ವರ್ಷ. ಜಾತ್ರೆಯಿಂದ ಜಾತ್ರೆಗೆ! ಸಾಗರದವರನ್ನು ಕೇಳಿಯೇ ಮಾಡಿದರೇನೋ ಅನ್ನಿಸಿತು.

ಆಗ ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿದ. "ಚಿಕ್ಕಪ್ಪಾ, ಡಾವಿಂಚಿ ರಿಸಾಲ್ವ್ ಹಾಕ್ಕೊಳ್ಳಿ. ಫ್ರೀ ಇದೆ, ವಾಟರ್‌ಮಾರ್ಕ್ ಇಲ್ಲ, ಅಂದ್ರೆ ಪರದೆ ಮೇಲೆ ಕಂಪನಿ ಹೆಸರು ಬರಲ್ಲ. ಹಾಲಿವುಡ್‌ನವರು ಸಿನಿಮಾಕ್ಕೆ ಬಣ್ಣ ಕಟ್ಟೋದು ಅದ್ರಲ್ಲೇ." ಹುಡುಗ ಸುಳ್ಳು ಹೇಳಲಿಲ್ಲ. ಫ್ರೀ ಆವೃತ್ತಿಯಲ್ಲೇ ಬೇಕಾದ್ದೆಲ್ಲ ಇದೆ. ದುಡ್ಡು ಕೊಡುವ ಸ್ಟುಡಿಯೋ ಆವೃತ್ತಿಗೂ 295 ಡಾಲರನ್ನು ಒಂದೇ ಸಲ ಕೊಟ್ಟರಾಯಿತು, ಬಾಡಿಗೆಯಿಲ್ಲ. ಆದರೆ ಅದು 16 ಜಿಬಿ ರ‍್ಯಾಮ್ ಕೇಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿರುವುದು ನಾಲ್ಕು. ತೆರೆದ ಕೂಡಲೇ ಫ್ಯಾನು ಅಡಿಕೆ ಸುಲಿಯುವ ಮಿಷನ್ನಿನಂತೆ ಕೂಗತೊಡಗಿತು. ಅಡುಗೆಮನೆಯಿಂದ ಹೆಂಡತಿ, "ಈ ಹೊತ್ತಲ್ಲಿ ಯಾರ ಮನೇಲಿ ಸುಲೀತಾ ಇದಾರೆ?" ಅಂದಳು. ಭಾವನ ಜೇಬಿನ ಕತ್ತಲೆಗೆ ಹಾಲಿವುಡ್ ಬಣ್ಣ ಬಳಿದು ಆಗಬೇಕಾದದ್ದಾದರೂ ಏನು?

ಹಿಂದೆ ವಿಂಡೋಸ್‌ನಲ್ಲಿ ಮೂವೀ ಮೇಕರ್ ಅಂತ ಒಂದಿತ್ತು. ನಮ್ಮಂಥವರಿಗೆ ಅಳತೆ ತೆಗೆದು ಹೊಲಿದಂತಿತ್ತು. 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತು. ಸರಿಯಾಗಿ ನಡೆಯುವುದನ್ನು ನಿಲ್ಲಿಸುವುದಕ್ಕೆ ನಮ್ಮ ಊರಿನ ಬಸ್ ರೂಟೇ ಆಗಬೇಕೆಂದಿಲ್ಲ ಅಲ್ವಾ? ಆಮೇಲೆ 2021ರಲ್ಲಿ ಕ್ಲಿಪ್‌ಚಾಂಪ್ ಅನ್ನುವುದನ್ನು ಕೊಂಡು ಆ ಜಾಗಕ್ಕೆ ಕೂರಿಸಿತು.

ತಮಾಷೆಯೆಂದರೆ, ನಿಜವಾಗಿ ಪುಕ್ಕಟೆ ಇರುವವು ಎಲ್ಲೂ ಕೂಗುವುದಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್. ಯಾರ ಹಣೆಯ ಮೇಲೂ ಬರೆಯುವುದಿಲ್ಲ, ಕಾರ್ಡ್ ಕೇಳುವುದಿಲ್ಲ. ಸುಮ್ನೆ ಹಿಂದೆ ಮುಂದೆ ಕತ್ತರಿಸುವುದಷ್ಟೇ ಇದ್ದರೆ ಲಾಸ್‌ಲೆಸ್‌ಕಟ್ ಸಾಕು. ಜಾಹೀರಾತಿಗೆ ದುಡ್ಡಿಲ್ಲದ್ದರಿಂದ ಹುಡುಕಿದಾಗ ಕೆಳಗೆಲ್ಲೋ ಇರುತ್ತವೆ, ಊಟದ ಪಂಕ್ತಿಯಲ್ಲಿ ಕೊನೆಗೆ ಕೂತ ಬಡ ನೆಂಟರ ಹಾಗೆ. ಶಾಟ್‌ಕಟ್ ಇಳಿಸಿಕೊಂಡೆ. ಎಲ್ಲ ಮೊದಲಿಂದ ಕತ್ತರಿಸಿದೆ. ಎಂಟು ನಿಮಿಷದ ವಿಡಿಯೋ ತಯಾರಾಯಿತು.

ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಹಿಪ್ಪೆ ಮಾಡಿ, ಅತ್ತೆ ಯಾರು ಚಿಕ್ಕಮ್ಮ ಯಾರು ಗೊತ್ತಾಗದ ಹಾಗೆ ಎಲ್ಲರಿಗೂ ಹಂಚಿತು. ಎಂಟು ನಿಮಿಷದ ವಿಡಿಯೋಕ್ಕೆ ಒಂಬತ್ತನೇ ಸೆಕೆಂಡಿಗೆ ಭಾವನಿಂದ 'ಸೂಪರ್' ಬಂತು.

ಅಜ್ಜಿ ಮಾತ್ರ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲೇ ಪೂರ್ತಿ ನೋಡಿದಳು.

"ಹಣೆ ಮೇಲಿಂದು ಹೋಯ್ತಲ್ಲ. ಎಷ್ಟು ಕೊಟ್ಟೆ?"

"ಪುಕ್ಕಟೆ ಅಜ್ಜಿ."

ಅಜ್ಜಿ ಕನ್ನಡಕ ತೆಗೆದು ನನ್ನ ಮುಖ ನೋಡಿದಳು. "ಎಲ್ಲಾದ್ರೂ ರುಜು ಹಾಕಿದ್ಯೇನೋ, ಸರಿಯಾಗಿ ನೆನಪು ಮಾಡ್ಕೊ."